ಮಾರಿ ಎತ್ತಿದ ಗಾಡಿ

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಬೈಲಹೊಂಗಲದ ಗ್ಯಾರೇಜುಗಳಲ್ಲಿ ಈ ಮಾತು ಕೇಳಿಬರುತ್ತದೆ: ‘ಮಿಸ್ತ್ರಿ ಕಾಕಾ, ಮುಂದ ಎರಡ ಪಾಟಾ ಹೆಚ್ಚಿಗಿ ಹಾಕ್ರಿ. ಗಾಡಿ ಮಾರಿ ಎತ್ತಿ ನಿಂದರಬೇಕು.’ ಹಾಗೆ ನಿಂತ ಗಾಡಿಗೆ ಒಂದು ಠೀವಿ ಇದೆ, ಒಪ್ಪೋಣ. ಎರಿ ಹೊಲದ ಕೆಸರಿನಿಂದ ಪಾರಾಗಲು ಎಂಬ ಸಬೂಬನ್ನು ಮಾತ್ರ ನಾನು ಒಪ್ಪಲಾರೆ. ಟಾಟಾ 407ರಂಥ ಗಾಡಿಯಲ್ಲಿ ಕೆಸರಿಗೆ ಸಿಕ್ಕಿಬೀಳುವುದು ಹಿಂದಿನ ಆಕ್ಸಲ್ ಹೌಸಿಂಗ್. ಪಾಟಾ, ಅಂದರೆ ಸ್ಪ್ರಿಂಗ್ ಪಟ್ಟಿ, ಎಷ್ಟು ಸೇರಿಸಿದರೂ ಏರುವುದು ಚಾಸಿ. ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತಬಲ್ಲದ್ದು ದೊಡ್ಡ ಟೈರು ಮಾತ್ರ.

ಇನ್ನು ಅಲೈನ್‌ಮೆಂಟ್ ಸಂಗತಿ. ಮುಂದಿನ ಆಕ್ಸಲ್ ಒಂದೇ ತೊಲೆಯಾದ್ದರಿಂದ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಬದಲಾಗದು. ಟೈ ರಾಡ್ ಆಕ್ಸಲ್ ಜೊತೆಗೇ ಇರುವುದರಿಂದ ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಅಷ್ಟಾಗಿ ಕದಲದು. ಪೆಟ್ಟು ಬೀಳುವುದು ಕ್ಯಾಸ್ಟರಿಗೆ, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿದ ಕೋನಕ್ಕೆ. ಎರಡು ಆಕ್ಸಲ್‌ಗಳ ನಡುವೆ 10 ಅಡಿ ಅಂತರವಿರುವ ಗಾಡಿಯ ಮೂತಿಯನ್ನು 2 ಇಂಚು ಎತ್ತಿದರೆ ಈ ಕೋನ ಹತ್ತಿರಹತ್ತಿರ 1 ಡಿಗ್ರಿ ಹೆಚ್ಚುತ್ತದೆ. ಅದರ ಮೇಲೆ ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆಗೆಂದು ಕಬ್ಬು ಹೇರಿದಿರೋ, ಹಿಂದಿನ ಪಾಟಾ ಕುಸಿದು ಮೂತಿ ಇನ್ನಷ್ಟು ಮೇಲೇರುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದ ತಿರುವುಗಳಲ್ಲಿ ಸ್ಟೇರಿಂಗ್ ತಿರುಗಿಸಿ ತೋಳು ಸೋತವರಿಗೆ ಆ ಡಿಗ್ರಿಯ ತೂಕ ಗೊತ್ತು. ಕ್ಯಾಸ್ಟರ್ ಅತಿಯಾದರೆ ಮುಂದಿನ ಚಕ್ರಗಳು ನಡುಗುವುದೂ ಉಂಟು.

ಸ್ಟೇರಿಂಗ್ ಬಾಕ್ಸ್ ಚಾಸಿಯ ಜೊತೆ ಮೇಲೆ ಹೋಗುತ್ತದೆ, ಡ್ರ್ಯಾಗ್ ಲಿಂಕ್ ಓರೆಯಾಗುತ್ತದೆ. ರಾಮದುರ್ಗದ ಕಡೆ ಹೊರಟಾಗ ತಗ್ಗಿಗೊಮ್ಮೆ ಗಾಡಿ ತಾನಾಗಿ ಪಕ್ಕಕ್ಕೆ ಜಗ್ಗಿದರೆ ರಸ್ತೆಯನ್ನಷ್ಟೇ ಬೈಯಬೇಡಿ. ಲಿಂಕಿನ ಉದ್ದ ಸರಿಪಡಿಸಿದರೆ ಸ್ಟೇರಿಂಗ್ ನೆಟ್ಟಗಾದೀತು, ಆದರೆ ಲಿಂಕಿನ ಓರೆ ಹೋಗದು. ಪಾಟಾ–ಆಕ್ಸಲ್ ನಡುವೆ ಬೆಣೆಯಾಕಾರದ ಶಿಮ್ ಕೊಟ್ಟು ಕ್ಯಾಸ್ಟರ್ ಇಳಿಸಬಹುದು. ಅದು ತಿರುವುಮುರುವಾಗಿ ಕೂತರೆ ತಪ್ಪು ಇಮ್ಮಡಿ!

2010ರಲ್ಲಿ ಬಂದ ಮಹೀಂದ್ರಾ ಥಾರ್‌ನ ಕತೆ ಬೇರೆ. ಮುಂದೆ ಟಾರ್ಷನ್ ಬಾರ್, ಎರಡೂ ಚಕ್ರ ಸ್ವತಂತ್ರ. ಪಾನಾ ತಿರುವಿ ಎತ್ತರಿಸಬಹುದು, ಆದರೆ ಕ್ಯಾಂಬರ್, ಟೋ ಎರಡೂ ಒಟ್ಟಿಗೇ ಹಳಿ ತಪ್ಪುತ್ತವೆ.

ಅಲೈನ್‌ಮೆಂಟ್ ಯಂತ್ರಕ್ಕೆ ಹೋಗುವ ಮುನ್ನ ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಸವರಿ ನೋಡಿ. ಹೊರಗಿನಿಂದ ಒಳಗೆ ನುಣುಪು, ಒಳಗಿನಿಂದ ಹೊರಗೆ ಗರಗಸದ ಹಲ್ಲು ತಾಗಿದಂತಾದರೆ ಟೋ-ಇನ್ ಹೆಚ್ಚಾಗಿದೆ. ಕೈಗೆ ಸಿಗುವ ಈ ಗುರುತು ಕಣ್ಣಿಗೆ ಬೀಳುವುದು ತಡವಾಗಿ, ಅಷ್ಟರಲ್ಲಿ ಟೈರಿನ ಅಂಚು ಸವೆದಿರುತ್ತದೆ.

ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಕುಸಿದ ಪಾಟಾ ಬಿಚ್ಚಿಸಿ, ಕಮಾನು ಕೊಡಿಸಿ ಮೂಲ ಎತ್ತರಕ್ಕೆ ತರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲ ಲೋಡ್ ಇಳಿಸಿ ಬಂದ ಮೇಲೆ ಯೂ ಬೋಲ್ಟ್ ಮತ್ತೆ ಬಿಗಿ ಮಾಡಿಸಿ, ಅಲೈನ್‌ಮೆಂಟ್ ಆಮೇಲೆ ನೋಡಿಸಿ.