ಎಲ್ಬೋ ಎಂಬ ಪುಟ್ಟ ಜಾಣ

ಡೀಸೆಲ್ ಇಂಜಿನ್ ಹೊಗಳುವವರು ಪಿಸ್ಟನ್, ಟರ್ಬೊ, ಇಂಜೆಕ್ಟರುಗಳ ಬಳಿಯೇ ನಿಂತುಬಿಡುತ್ತಾರೆ. ನನ್ನ ಕಣ್ಣು ಹೋಗುವುದು ಹೆಬ್ಬೆರಳಿನಷ್ಟಿರುವ ಉಕ್ಕಿನ ಎಲ್ಬೋ ಕಡೆಗೆ. ಪೈಪು ಬಗ್ಗಿಸಲು ಜಾಗವೇ ಇಲ್ಲದ ಸಂದಿಯಲ್ಲಿ ಅದು ಎಣ್ಣೆಯನ್ನೋ ಡೀಸೆಲನ್ನೋ 90 ಡಿಗ್ರಿ ತಿರುಗಿಸಿ ಮುಂದಕ್ಕೆ ಕಳಿಸುತ್ತದೆ.

ಇದರ ಜಾಣತನವಿರುವುದು ಬಾಗಿದ ಮೈಯಲ್ಲಲ್ಲ, ತುದಿಗಳಲ್ಲಿ. ನೇರ ಫಿಟ್ಟಿಂಗನ್ನು ಬಿಗಿಯಾಗುವವರೆಗೂ ತಿರುಗಿಸಿದರಾಯಿತು. ಎಲ್ಬೋಗೆ ಆ ಸಲಿಗೆಯಿಲ್ಲ. ಬಿಗಿಯಾದಾಗ ಅದರ ಬಾಯಿ ಇಂಜಿನ್ ಬ್ಲಾಕಿನ ಗೋಡೆ ನೋಡುತ್ತಿದ್ದರೆ ಏನು ಬಂತು? ಅದಕ್ಕೇ ಬುಡದಲ್ಲಿ ಲಾಕ್‌ನಟ್ಟು, ವಾಶರು, ಒ-ರಿಂಗು. ಬೇಕಾದ ದಿಕ್ಕಿಗೆ ಹಿಡಿದು ನಟ್ಟು ಬಿಗಿದರೆ ಸೋರಿಕೆ ತಡೆಯುವ ಕೆಲಸವನ್ನು ಒ-ರಿಂಗಿನ ರಬ್ಬರು ನೋಡಿಕೊಳ್ಳುತ್ತದೆ. ಎಷ್ಟು ಸರಳ! ಇನ್ನೊಂದು ತುದಿಯಲ್ಲಿ, ಕೆಲವು ಬಗೆಗಳಲ್ಲಿ, 24 ಡಿಗ್ರಿಯ ಶಂಕುವಿನೊಳಗೆ ಕೂರುವ ಕಟಿಂಗ್ ರಿಂಗು. ನಟ್ಟು ಬಿಗಿದಂತೆ ಅದರ ಅಂಚು ಪೈಪಿನ ಮೈಯನ್ನು ಕಚ್ಚಿ ಹಿಡಿಯುತ್ತದೆ. ವೆಲ್ಡಿಂಗ್ ಬೇಕಿಲ್ಲ.

ಆದರೆ ಎಲ್ಬೋ ಎಲ್ಲ ಕಡೆಯೂ ಸಲ್ಲದು. ಕಾಮನ್ ರೈಲ್ ಇಂಜಿನ್‌ಗಳಲ್ಲಿ ಇಂಜೆಕ್ಟರಿಗೆ ಹೋಗುವ ಡೀಸೆಲಿನ ಒತ್ತಡ 2000 ಬಾರ್ ಮುಟ್ಟಬಲ್ಲದು. ಅಲ್ಲಿ ದಪ್ಪ ಗೋಡೆಯ ಪೈಪನ್ನೇ ನಯವಾಗಿ ಬಗ್ಗಿಸುತ್ತಾರೆ. ಎಲ್ಬೋದ ಸೀಮೆಯೆಂದರೆ ಫೀಡ್ ಪಂಪು, ಫಿಲ್ಟರು, ರಿಟರ್ನ್ ಲೈನು, ಟರ್ಬೊಗೆ ಹೋಗುವ ಎಣ್ಣೆಯ ದಾರಿ. ಅಲ್ಲೂ ಬಿಸಿ, ಬಿಡದ ನಡುಕ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಬದಿಯಲ್ಲಿ ಇದು ಕೊಂಚ ಸಡಿಲವಾದರೂ ಸಾಕು, ಹೊರಗೆ ಹನಿ ಕಾಣದೆಯೂ ಒಳಗೆ ಗಾಳಿ ನುಗ್ಗಬಹುದು. ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಏರ್ ತೆಗೆಯಲು ಕೂರಬೇಕು.