ಪದಗ್ರಹಣದ ಮಳೆಗಾಲ, ರಕ್ತದ ಬೇಸಿಗೆ

ಜುಲೈ ತಿಂಗಳಲ್ಲಿ ಪುತ್ತೂರಿಗೆ ಎರಡು ಸಂಗತಿ ತಪ್ಪಿದ್ದಲ್ಲ: ಮಳೆ ಮತ್ತು ಪದಗ್ರಹಣ. ರೋಟರಿ, ಲಯನ್ಸ್ ಸಂಸ್ಥೆಗಳ ವರ್ಷ ಎಲ್ಲೆಡೆಯೂ ಜುಲೈ 1ಕ್ಕೆ ಶುರು. ಹಾಗಾಗಿ ಅಡಿಕೆಗೆ ಮದ್ದು ಬಿಡಲು ಒಂದು ದಿನದ ಬಿಸಿಲಿಗೆ ಕಾಯುವ ಹೊತ್ತಿನಲ್ಲೇ ಹೊಸ ಅಧ್ಯಕ್ಷರ ಕೊರಳಿಗೆ ಕಾಲರ್ ಬೀಳುತ್ತದೆ. ಪ್ರಾರ್ಥನೆ, ಸ್ವಾಗತ, ಅತಿಥಿಗಳ ಪರಿಚಯ, ಹಿಂದಿನ ವರ್ಷದ ವರದಿ, ಶಾಲು, ಹಾರ, ಸ್ಮರಣಿಕೆ, ವಿದ್ಯಾರ್ಥಿಯೊಬ್ಬನಿಗೆ ಚೆಕ್ಕು, ಮಹಿಳೆಯೊಬ್ಬರಿಗೆ ಹೊಲಿಗೆ ಯಂತ್ರ, ಕೊನೆಗೆ ಊಟ. ಮರುದಿನವೋ ಮೂರನೆಯ ದಿನವೋ ‘ಸುದ್ದಿ ಬಿಡುಗಡೆ’ ಪತ್ರಿಕೆಯಲ್ಲಿ ಸಾಲಾಗಿ ನಿಂತವರ ಚಿತ್ರ. ಜೇಸಿಗಳ ಪಂಚಾಂಗ ಮಾತ್ರ ಬೇರೆ. ಅವರ ವರ್ಷ ಜನವರಿಯಲ್ಲಿ ಹುಟ್ಟಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಸೆಪ್ಟೆಂಬರ್ 9ರಿಂದ 15ರವರೆಗಿನ ಜೇಸಿ ಸಪ್ತಾಹವೇ ಅವರ ಜಾತ್ರೆ.

ಈ ಸಭೆಗಳನ್ನು ಗೇಲಿ ಮಾಡುವುದು ಸುಲಭ, ಊರಿನಲ್ಲಿ ಮಾಡುವವರೂ ಇದ್ದಾರೆ. ಆದರೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಕ್ಲಬ್ಬುಗಳು ಮಾಡಿದ್ದರಲ್ಲಿ ಉಳಿದದ್ದೇನು ಎಂದು ಹುಡುಕಹೊರಟರೆ ಗೇಲಿ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅಲ್ಲಿ ಎದುರಾಗುವುದು ಪುತ್ತೂರಿನ ರೋಟರಿ ಕ್ಯಾಂಪ್ಕೊ ರಕ್ತನಿಧಿ.

ರಕ್ತದಾನ ಶಿಬಿರ ಒಂದು ಬೆಳಗಿನ ಕೆಲಸ. ರಕ್ತನಿಧಿ ಹಾಗಲ್ಲ. ಅದಕ್ಕೆ ಪರವಾನಗಿ ಬೇಕು, ವೈದ್ಯರು, ತಂತ್ರಜ್ಞರು ಬೇಕು, ಗಾಳಿಮಳೆಗೆ ಕರೆಂಟು ಹೋದರೂ ತಣ್ಣಗಿರುವ ಪೆಟ್ಟಿಗೆಗಳು ಬೇಕು. ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾಕ್ಕಾಗಿ ಪರೀಕ್ಷಿಸಬೇಕು. ಅಷ್ಟು ಮಾಡಿಯೂ ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಬಾಳುತ್ತದೆ, ಪ್ಲೇಟ್‌ಲೆಟ್ ಬರೇ 5 ದಿನ. 2019ರ ಮಳೆಗಾಲದಲ್ಲಿ ದಕ್ಷಿಣ ಕನ್ನಡವನ್ನು ಡೆಂಗಿ ಹಿಡಿದು ಅಲ್ಲಾಡಿಸಿದಾಗ ಮನೆಮನೆಯವರಿಗೂ ಈ ಪ್ಲೇಟ್‌ಲೆಟ್ ಲೆಕ್ಕ ಬಾಯಿಪಾಠವಾಗಿತ್ತು. ಇಂಥ ಕೆಲಸಕ್ಕೆ ಕೈಹಾಕಿದ ಕ್ಲಬ್ಬಿಗೆ ಜೂನ್ 30ಕ್ಕೆ ಲೆಕ್ಕ ಮುಗಿಸಿ ಕೈತೊಳೆದುಕೊಳ್ಳುವ ಅವಕಾಶವಿಲ್ಲ. ಹೊಸ ಅಧ್ಯಕ್ಷನಿಗೆ ಇಷ್ಟವಿರಲಿ ಬಿಡಲಿ, ಪೆಟ್ಟಿಗೆ ತಣ್ಣಗಿರಲೇಬೇಕು.

ರಕ್ತನಿಧಿಯ ಹೆಸರಿನಲ್ಲಿ ಕ್ಯಾಂಪ್ಕೊ ಸೇರಿಕೊಂಡದ್ದೂ ಅರ್ಥವಿಲ್ಲದ್ದಲ್ಲ. ಅಡಿಕೆಯ ಬೆಲೆ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈಯಲ್ಲಿ ಹುಟ್ಟಿದ ಸಹಕಾರ ಸಂಸ್ಥೆ ಅದು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ವರ್ಷಕ್ಕೊಮ್ಮೆ ಮುಖ ಬದಲಾಗುವ ಕ್ಲಬ್ಬಿನ ಉತ್ಸಾಹಕ್ಕೆ ವರ್ಷಗಟ್ಟಲೆ ನಿಲ್ಲುವ ಸಹಕಾರಿಯೊಂದರ ಬೆನ್ನೆಲುಬು ಸಿಕ್ಕಾಗ ಏನಾಗಬಹುದು ಎಂಬುದಕ್ಕೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೂ ಕ್ಲಬ್ಬಿನ ಪಂಚಾಂಗ ಇಲ್ಲಿಯೂ ಬೆನ್ನು ಬಿಡುವುದಿಲ್ಲ. ರಕ್ತದಾನ ಶಿಬಿರಗಳು ಒತ್ತೊತ್ತಾಗಿ ಬರುವುದು ಹೊಸ ಅಧ್ಯಕ್ಷರ ಹುರುಪಿನ ತಿಂಗಳುಗಳಲ್ಲಿ: ಸ್ವಾತಂತ್ರ್ಯೋತ್ಸವ, ಜೇಸಿ ಸಪ್ತಾಹ, ಗಾಂಧಿ ಜಯಂತಿ. ಕಾಲೇಜುಗಳೂ ಆಗ ತುಂಬಿರುತ್ತವೆ. ಏಪ್ರಿಲ್–ಮೇ ಬಂತೆಂದರೆ ಕಾಲೇಜಿಗೆ ರಜೆ, ಊರಿಗೆ ಮದುವೆ, ಮುಂಜಿ, ಜಾತ್ರೆ. ಅಧ್ಯಕ್ಷರ ಬಜೆಟ್ಟೂ ಹುರುಪೂ ಆಗ ತಳ ಕಂಡಿರುತ್ತವೆ. ಬೇಸಿಗೆಯಲ್ಲಿ ರಕ್ತಕ್ಕೆ ಬರ ಬರುವುದು ದೇಶದ ಎಲ್ಲ ರಕ್ತನಿಧಿಗಳ ಅನುಭವ. ಮಹಾಲಿಂಗೇಶ್ವರನ ರಥ ನೋಡಲು ಪುತ್ತೂರಿಗೆ ಸೀಮೆಯೇ ಇಳಿದುಬರುವುದು ಕೂಡ ಇದೇ ಏಪ್ರಿಲ್‌ನಲ್ಲಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಅಂದರೆ ಜುಲೈಯಲ್ಲಿ ಕೊಟ್ಟವನು ಅಕ್ಟೋಬರ್, ಜನವರಿ ದಾಟಿ ಏಪ್ರಿಲ್‌ನಲ್ಲಿ ನಾಲ್ಕನೆಯ ಬಾರಿ ಕೈ ಚಾಚಬಲ್ಲ. ಮೊದಲ ಸಲ ಕೊಟ್ಟವನನ್ನು ಫೋನು ಮಾಡಿ ಮತ್ತೆ ಕರೆಯುವುದಕ್ಕೆ ಬ್ಯಾನರು ಬೇಡ, ಉದ್ಘಾಟಕರು ಬೇಡ. ಬಹುಶಃ ಅದಕ್ಕೇ ಆ ಕೆಲಸ ಹಿಂದೆ ಬೀಳುತ್ತದೆ.

ಸುಳ್ಯದ ರೋಟರಿ ಶಾಲೆಯನ್ನೂ, ಪುತ್ತೂರು ನಗರಸಭೆಯ ಬನ್ನೂರು ನೆಕ್ಕಿಲದ ಕಸದ ಘಟಕದಲ್ಲಿ ಹಸಿ ಕಸದಿಂದ ಅನಿಲ ತೆಗೆಯುವ ಕೆಲಸಕ್ಕೆ ರೋಟರಿ ಪುತ್ತೂರು ಈಸ್ಟ್ ಕೈಹಾಕಿದ್ದನ್ನೂ ಇದೇ ಸಾಲಿನಲ್ಲಿ ಇಡಬೇಕು. ಶಾಲೆ, ಕಸ, ರಕ್ತ, ಮೂರೂ ದಿನಾ ಬಾಗಿಲು ತೆರೆಯಬೇಕಾದವು. ಹಾಗಾಗಿ ಪದಗ್ರಹಣದ ಗಾಳಿ ತಾಗದಂಥ ಟ್ರಸ್ಟಿನ ವ್ಯವಸ್ಥೆ ಬೇಕಾಗುತ್ತದೆ.

ಮಿಕ್ಕ ಬಹಳಷ್ಟು ಕಾರ್ಯಕ್ರಮಗಳ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡುವುದು ಕಷ್ಟ. ವನಮಹೋತ್ಸವವನ್ನೇ ನೋಡಿ. 1950ರಲ್ಲಿ ಕೆ.ಎಂ. ಮುನ್ಶಿ ದೇಶಕ್ಕೆ ಕೊಟ್ಟ ಈ ಹಬ್ಬವನ್ನು, ಗೋಡೆಯ ಬಿರುಕಿನಲ್ಲೂ ಅಶ್ವತ್ಥ ಚಿಗುರುವ ಸುಳ್ಯದ ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ಆಚರಿಸಲಾಗುತ್ತದೆ. ಒಂದು ಗಿಡಕ್ಕೆ ಹತ್ತು ಕೈ. ಫೆಬ್ರವರಿಯಲ್ಲಿ ಅದೇ ಗಿಡಕ್ಕೆ ಒಂದು ಕೊಡ ನೀರು ಹೊಯ್ಯಲು ಒಂದು ಕೈ ಸಿಕ್ಕರೆ ಗಿಡದ ಪುಣ್ಯ. ರಸ್ತೆ ಬದಿಯ ಪ್ರಯಾಣಿಕರ ತಂಗುದಾಣಗಳು ಇದಕ್ಕಿಂತ ಎಷ್ಟೋ ವಾಸಿ. ಹೆತ್ತವರ ನೆನಪಿಗೆಂದು ಮಕ್ಕಳು ಹಣ ಕೊಟ್ಟು, ಕ್ಲಬ್ಬಿನ ಚಕ್ರವೋ ಸಿಂಹವೋ ಗೋಡೆಯ ಮೇಲೆ ಕೂತು, ಶಾಲೆಮಕ್ಕಳಿಗೂ ಹಾಲಿನ ಕ್ಯಾನಿಗೂ ವರ್ಷಾನುಗಟ್ಟಲೆ ನೆರಳಾಗುವ ಈ ಕಟ್ಟಡಗಳನ್ನು ಯಾವ ವಿಮರ್ಶಕನೂ ಹಗುರವಾಗಿ ಕಾಣಬಾರದು, ವಿಶೇಷವಾಗಿ ಮಳೆಯಲ್ಲಿ ಬಸ್ಸಿಗೆ ಕಾದವನು.

ಸಣ್ಣಪುಟ್ಟ ಕಾರ್ಯಕ್ರಮಗಳ ಈ ದಟ್ಟಣೆಗೆ ಕಾರಣ ಸದಸ್ಯರ ಸ್ವಭಾವವಲ್ಲ, ವರದಿಯ ಪದ್ಧತಿ. ರೋಟರಿ ಜಿಲ್ಲೆ 3181, ಲಯನ್ಸ್ ಜಿಲ್ಲೆ 317-ಡಿ, ಜೇಸಿಯ ವಲಯ 15, ಹೀಗೆ ಪ್ರತಿಯೊಂದಕ್ಕೂ ಮೇಲಿನವರಿದ್ದಾರೆ. ಅವರ ಭೇಟಿಯ ದಿನಕ್ಕೆ ತೋರಿಸಲು ಪಟ್ಟಿ ಬೇಕು, ವರ್ಷದ ಕೊನೆಗೆ ಪ್ರಶಸ್ತಿಗೆ ಅಂಕ ಬೇಕು. ಒಂದೇ ಕಣ್ಣಿನ ತಪಾಸಣಾ ಶಿಬಿರದ ಬ್ಯಾನರಿನಲ್ಲಿ ನಾಲ್ಕು ಸಂಸ್ಥೆಗಳ ಸಹಯೋಗ ಇದ್ದರೆ ಅದು ನಾಲ್ಕು ವರದಿಗಳಲ್ಲಿ ನಾಲ್ಕು ಶಿಬಿರವಾಗುತ್ತದೆ. ತಪಾಸಣೆಯಲ್ಲಿ ಪೊರೆ ಕಂಡ ಅಜ್ಜಿಗೆ ಆಪರೇಶನ್ ಆಯಿತೇ, ಆಕೆ ಬಸ್ ಹತ್ತಿ ಆಸ್ಪತ್ರೆಗೆ ಹೋದಳೇ ಎಂಬ ಪ್ರಶ್ನೆಗೆ ಅಂಕವಿಲ್ಲ. ಹಾಗೆಂದು ಈ ಸಂಸ್ಥೆಗಳಿಗೆ ದೀರ್ಘಕಾಲದ ಕೆಲಸ ಗೊತ್ತಿಲ್ಲವೆಂದಲ್ಲ. 1985ರಲ್ಲಿ ಪೋಲಿಯೊ ವಿರುದ್ಧ ಹೊರಟ ರೋಟರಿ, ಭಾರತದ ಕೊನೆಯ ಪ್ರಕರಣ ಕಂಡ 2011ರವರೆಗೂ ಇಪ್ಪತ್ತೈದು ವರ್ಷ ಮೀರಿ ಒಂದೇ ಹಟ ಹಿಡಿದಿತ್ತು. ಜಗತ್ತಿನ ಮಟ್ಟದಲ್ಲಿರುವ ಆ ಹಟ ತಾಲೂಕಿನ ಮಟ್ಟಕ್ಕೆ ಇಳಿಯುವಾಗ ಯಾಕೋ ಹನ್ನೆರಡು ತಿಂಗಳಿಗೆ ತುಂಡಾಗುತ್ತದೆ.

ಕ್ಲಬ್ಬುಗಳು ಬರುವ ಮೊದಲೇ ಈ ಸೀಮೆಗೆ ಕೂಡಿ ಕೆಲಸ ಮಾಡುವ ರೂಢಿಯಿತ್ತು. 1909ರಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದಾಗ ಅವರ ಕೊರಳಲ್ಲಿ ಯಾವ ಕಾಲರೂ ಇರಲಿಲ್ಲ. ಇಂದಿಗೂ ದೇವಸ್ಥಾನದ ಬ್ರಹ್ಮಕಲಶವೆಂದರೆ ಊರ ಹತ್ತು ಸಮಸ್ತರು ಇಳಿಯುತ್ತಾರೆ: ಚಪ್ಪರ, ಅಡುಗೆ, ಹೊರೆಕಾಣಿಕೆ, ಎಲೆ ತೆಗೆಯುವುದು, ಎಲ್ಲಕ್ಕೂ ಜನ. ಸುಳ್ಯದ ಸೇತುವೆಗಳ ಕಥೆ ಈ ರೂಢಿಯ ಇನ್ನೊಂದು ಮುಖ. 1989ರಲ್ಲಿ ಅರಂಬೂರಿನವರು ಪಯಸ್ವಿನಿ ದಾಟಲು ದಾರಿ ಮಾಡಿಕೊಡಿ ಎಂದು ಹೋಗಿ ಕೇಳಿದ್ದು ಸುಳ್ಯದಲ್ಲಿ ಯಂತ್ರಗಳ ಕೆಲಸ ಮಾಡುತ್ತಿದ್ದ ಮೆಕ್ಯಾನಿಕಲ್ ಎಂಜಿನಿಯರ್ ಗಿರೀಶ್ ಭಾರದ್ವಾಜರನ್ನು. ಸೇತುವೆ ಅವರ ಓದಿನ ವಿಷಯವೇ ಆಗಿರಲಿಲ್ಲ. ಊರವರು ಮೈಬಗ್ಗಿಸಿ ದುಡಿದರು, ತೂಗುಸೇತುವೆ ಎದ್ದಿತು. ಮುಂದೆ ಕರ್ನಾಟಕ, ಕೇರಳ, ಆಂಧ್ರ, ಒಡಿಶಾಗಳಲ್ಲಿ ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಗುತ್ತಿಗಾರು ಬಳಿಯ ಮೊಗ್ರದಲ್ಲಿ, ಮಕ್ಕಳು ಹೊಳೆ ದಾಟುವ ಜಾಗದಲ್ಲಿ ಊರವರೇ ಸೇರಿ ಮಾಡಿಕೊಂಡ ಕಾಲುಸೇತುವೆಗೆ ‘ಗ್ರಾಮಸೇತು’ ಎಂದೇ ಹೆಸರು. ಇಲ್ಲಿ ಕೊಡುವವರು, ತೆಗೆದುಕೊಳ್ಳುವವರು ಎಂಬ ಎರಡು ಪಂಗಡಗಳಿಲ್ಲ. ಕ್ಲಬ್ಬಿನ ವೇದಿಕೆಯಲ್ಲಿ ಮಾತ್ರ ಫಲಾನುಭವಿ ಯಾವಾಗಲೂ ಕೆಳಗಿನಿಂದ ಮೇಲೆ ಹತ್ತಿ ಬಂದು, ಚಿತ್ರ ತೆಗೆಸಿಕೊಂಡು ಮತ್ತೆ ಇಳಿದುಹೋಗುತ್ತಾನೆ.

ಆಪತ್ತಿನಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಗುಡ್ಡ ಜರಿದು ಕೊಡಗಿನ ಜನ ಘಟ್ಟ ಇಳಿದು ಬಂದಾಗ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಆಶ್ರಯ ಕೇಂದ್ರಗಳು ತೆರೆದವು. ಅಕ್ಕಿ, ಹೊದಿಕೆ, ಹಣ ಒಟ್ಟುಮಾಡುವುದರಲ್ಲಿ ಕ್ಲಬ್ಬುಗಳನ್ನು ಮೀರಿಸುವವರಿಲ್ಲ; ಒಂದು ಫೋನಿಗೆ ಮಂಗಳೂರಿನಿಂದ ಲಾರಿ ಹೊರಡಿಸುವ ಸಂಪರ್ಕ ಅವರಿಗಿದೆ. ಆದರೆ ಆ ವರ್ಷ ಕೊಡಗಿನ ಆಡಳಿತ ಬಟ್ಟೆಬರೆ ಸಾಕು, ಇನ್ನು ಕಳುಹಿಸಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಬೇಕಾದದ್ದು ಸರಕಲ್ಲ, ಹಗ್ಗ ಕಟ್ಟಿ ಹೊಳೆಗಿಳಿಯಬಲ್ಲ, ಮರ ಕಡಿದು ದಾರಿ ಬಿಡಿಸಬಲ್ಲ ಕೈಗಳು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 2020ರ ಹೊತ್ತಿಗೆ ‘ಶೌರ್ಯ’ ಹೆಸರಿನಲ್ಲಿ ಹಳ್ಳಿಹಳ್ಳಿಯ ಯುವಕರಿಗೆ ತರಬೇತಿ ಕೊಟ್ಟು ವಿಪತ್ತು ತಂಡ ಕಟ್ಟತೊಡಗಿದ್ದು ಈ ಕೊರತೆಯನ್ನು ಸರಿಯಾಗಿ ಗುರುತಿಸಿದ ಹೆಜ್ಜೆ.

ಇನ್ನೊಂದು ಮಾತು, ಸಭೆಗಳಲ್ಲಿ ಯಾರೂ ಆಡದ್ದು. 2022ರ ಜುಲೈಯಲ್ಲಿ ಸುಳ್ಯ ತಾಲೂಕಿನ ಕಳಂಜ, ಬೆಳ್ಳಾರೆಗಳಲ್ಲಿ ಒಂದೇ ವಾರದ ಅಂತರದಲ್ಲಿ ಇಬ್ಬರು ಯುವಕರ ಕೊಲೆಯಾಯಿತು. ಒಬ್ಬ ಮುಸ್ಲಿಂ, ಒಬ್ಬ ಹಿಂದೂ. ಜಿಲ್ಲೆ ಉಸಿರು ಬಿಗಿಹಿಡಿಯಿತು. ಅದರ ಬೆನ್ನಿಗೇ ಆಗಸ್ಟ್ ಮೊದಲ ವಾರದ ಮೇಘಸ್ಫೋಟದಂಥ ಮಳೆಗೆ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಎಳೆಯ ಹೆಣ್ಣುಮಕ್ಕಳು ತೀರಿಕೊಂಡರು. ಹರಿಹರ ಪಳ್ಳತ್ತಡ್ಕದಲ್ಲಿ ಸೇತುವೆಗೆ ಸಿಕ್ಕಿಕೊಂಡ ದಿಮ್ಮಿಗಳನ್ನು ತೆಗೆಯುತ್ತಿದ್ದ ಮುಸ್ಲಿಂ ಕ್ರೇನ್ ಕೆಲಸಗಾರ ನೀರಿಗೆ ಬಿದ್ದಾಗ ಅವನನ್ನು ಉಳಿಸಲು ಹಾರಿದವನು ಊರಿನ ಹಿಂದೂ ಯುವಕ. ಇಂಥ ಸೀಮೆಯಲ್ಲಿ ಎಲ್ಲ ಧರ್ಮದವರು ತಿಂಗಳಿಗೆ ಎರಡು ಸಲವಾದರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವ ಕೆಲವೇ ಜಾಗಗಳಲ್ಲಿ ಕ್ಲಬ್ಬಿನ ಸಭಾಂಗಣವೂ ಒಂದು. ರಾಜಕೀಯ, ಧರ್ಮಗಳ ಚರ್ಚೆ ಬೇಡವೆಂಬ ನಿಯಮ ಈ ಸಹವಾಸವನ್ನು ಕಾಪಾಡಿದೆ. ಅದೇ ನಿಯಮ ಒಳ್ಳೆಯ ನೆಪವೂ ಆಗಿದೆ. ಡಾಕ್ಟರು, ವಕೀಲರು, ಗುತ್ತಿಗೆದಾರರು, ತೋಟದ ಧಣಿಗಳು ಒಟ್ಟಿಗೆ ಕೂರುವ ಸಭೆಗೆ ಊರಿನ ಹುಡುಗರ ಮೇಲೆ ಇರುವ ಮಾತಿನ ತೂಕ ಸಣ್ಣದಲ್ಲ. ಅದನ್ನು ಬಳಸದೆ ಇಟ್ಟದ್ದು ತಟಸ್ಥತೆಯಲ್ಲ, ಹಿಂಜರಿಕೆ.

ಯಾರು ಸದಸ್ಯರು ಎಂಬ ಪ್ರಶ್ನೆಯೂ ಇದೆ. ಅಮೆರಿಕದ ಸುಪ್ರೀಂ ಕೋರ್ಟಿನ 1987ರ ತೀರ್ಪಿನ ನಂತರ, 1989ರಲ್ಲಿ ರೋಟರಿ ಎಲ್ಲೆಡೆ ಹೆಂಗಸರಿಗೆ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅವರಿಗೆ ಇದ್ದದ್ದು 1924ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಇನ್ನರ್‌ವೀಲ್. ಈಗ ಇಲ್ಲಿಯೂ ಅಧ್ಯಕ್ಷೆಯರಿದ್ದಾರೆ. ಆದರೆ ವಾರ್ಷಿಕ ಶುಲ್ಕ, ಊಟದ ಖರ್ಚು, ಸಮ್ಮೇಳನದ ನೋಂದಣಿ ಎಲ್ಲ ಕೂಡಿಸಿದರೆ ಬೀಡಿ ಕಟ್ಟುವವಳಿಗೆ ಆ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಅದೇ ಹೊತ್ತಿಗೆ ಜಿಲ್ಲೆಯ ಗ್ರಾಮ ಪಂಚಾಯತಿಗಳಲ್ಲಿ ಸಂಜೀವಿನಿ ಸಂಘದ ಹೆಂಗಸರು ಕಸದ ವಾಹನ ಓಡಿಸುತ್ತ, ಒಣ ಕಸ ಬೇರ್ಪಡಿಸುತ್ತ ದಿನಾ ಮಾಡುವ ಕೆಲಸವನ್ನು ಕ್ಲಬ್ಬುಗಳು ವರ್ಷಕ್ಕೊಮ್ಮೆ ಕೈಗವಸು ತೊಟ್ಟು ಮಾಡುತ್ತವೆ. ಕುಕ್ಕೆಯ ಕುಮಾರಧಾರಾ ಸ್ನಾನಘಟ್ಟದಲ್ಲಿ ಸ್ವಯಂಸೇವಕರು ನೀರಿನಿಂದ ಬಟ್ಟೆ ಹೊರತೆಗೆದಷ್ಟೂ ಯಾತ್ರಿಕರು ಮತ್ತೆ ಬಿಡುತ್ತಾರೆ. ಅಲ್ಲಿ ಬೇಕಾದದ್ದು ಮುಳುಗೇಳುವ ಮೊದಲೇ ಯಾತ್ರಿಕನ ಎದುರು ನಿಂತು ಬೇಡವೆನ್ನುವವರ ಸರದಿ.

ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಸೇರಿಸಿ ರೂಪುಗೊಂಡ ಕಡಬ ತಾಲೂಕಿನಲ್ಲಿ ಕ್ಲಬ್ಬುಗಳಿಗೆ ನಿಜವಾದ ಪರೀಕ್ಷೆಯಿದೆ. ಪುತ್ತೂರು ಪೇಟೆಯಲ್ಲಿ ರೋಟರಿಯ ಬಾವುಟಗಳೇ ಹಲವು. ಕಡಬದ ಕಾಡಂಚಿನ ಗ್ರಾಮಗಳಿಗೆ ಆ ದಟ್ಟಣೆಯಿಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್‌ನ ಸಂತ್ರಸ್ತರು ಈ ಭಾಗದ ಮನೆಗಳಲ್ಲಿದ್ದಾರೆ. ಕೊಯಿಲದಲ್ಲಿ ಅವರಿಗಾಗಿ ಪಾಲನಾ ಕೇಂದ್ರವೂ ಬಂತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆದರೂ ಹಾಸಿಗೆ ಹಿಡಿದ ಮಕ್ಕಳು ಅಲ್ಲೇ ದೊಡ್ಡವರಾದರು, ಎತ್ತಿ ಮಲಗಿಸುವ ತಾಯಂದಿರಿಗೆ ವಯಸ್ಸಾಯಿತು. ಇಂಥ ಮನೆಗೆ ಗಾಲಿಕುರ್ಚಿ ಹಸ್ತಾಂತರಿಸುವುದು ಅರ್ಧ ಗಂಟೆಯ ಕಾರ್ಯಕ್ರಮ. ವಾರಕ್ಕೊಂದು ಮಧ್ಯಾಹ್ನ ತರಬೇತಿ ಪಡೆದ ಇಬ್ಬರು ಸದಸ್ಯರು ಹೋಗಿ, ತಾಯಿಗೆ ಪೇಟೆಗೋ ತವರಿಗೋ ಹೋಗಿಬರುವ ಬಿಡುವು ಕೊಡುವುದಾದರೆ ಅದಕ್ಕೆ ಖರ್ಚು ಬರೇ ಪೆಟ್ರೋಲಿನದ್ದು. ಜೇಸಿಗಳು 18ರಿಂದ 40ರೊಳಗಿನವರು, ಎತ್ತುವ ತ್ರಾಣವಿರುವವರು. ರೋಟರಿ, ಲಯನ್ಸ್‌ಗಳಲ್ಲಿ ಕಲಿಸಿಕೊಡಬಲ್ಲ ವೈದ್ಯರಿದ್ದಾರೆ. ಹೊಸ ಅಧ್ಯಕ್ಷರು ಮೊದಲ ಸಭೆಯಲ್ಲೇ ಮನೆಗಳ ಪಟ್ಟಿಯನ್ನೂ ಸರದಿಯನ್ನೂ ಹಿಂದಿನವರಿಂದ ಕೇಳಿ ಪಡೆಯುವಂತಾದರೆ, ಈ ಕೆಲಸ ಜೂನ್ 30 ದಾಟೀತು.