ಹಕ್ಕಳೆಗಟ್ಟುವ ಕಲ್ಲುಹೂವಿನ ಲಕ್ಷಣವಿಚಾರ

ಅಮರಕೋಶದಲ್ಲಿ ಶೈಲೇಯವೆಂಬ ದ್ರವ್ಯಕ್ಕೆ ಅಶ್ಮಪುಷ್ಪವೆಂಬುದೂ ಒಂದು ಪರ್ಯಾಯನಾಮವಾಗಿ ಪಠಿತವಾಗಿದೆ. ನಮ್ಮ ಮನೆಗಳ ಮಸಾಲೆಯಲ್ಲಿ ಸೇರುವ ಕಲ್ಲುಹೂವಿನ ಹೆಸರು ಇದಕ್ಕೆ ಸರಿಹೋಗುವ ಕನ್ನಡ. ಈ ಹೆಸರು ಆಕಾರವನ್ನು ನೋಡಿ ಇಟ್ಟದ್ದು. ಎಲೆಯಂತೆ ಅಂಚು ಮೇಲೆದ್ದ ಜಾತಿಗಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ಕೋಲಾರದ ಅಂತರಗಂಗೆಯ ಬಂಡೆಗಳ ಮೇಲೆಯೂ, ಮುಳಬಾಗಿಲು ಸೀಮೆಯ ಆವನಿಯ ಬೆಟ್ಟದಲ್ಲಿಯೂ, ಮಾಲೂರಿನ ಹಳೆಯ ಹೆಂಚುಗಳ ಮೇಲೆಯೂ, ಶ್ರೀನಿವಾಸಪುರದ ಮಾವಿನ ತೋಪುಗಳ ತೊಗಟೆಯಲ್ಲಿಯೂ ಬೂದಿ, ಹಳದಿ, ಕಪ್ಪು ಮಚ್ಚೆಗಳಾಗಿ ಹರಡಿರುವ ಇನ್ನೊಂದು ವರ್ಗವುಂಟು. ಅದಕ್ಕೆ ಎಸಳಿಲ್ಲ, ಗಾಯದ ಹಕ್ಕಳೆಯಂತೆ ಆಧಾರವನ್ನು ಕಚ್ಚಿಕೊಂಡಿರುವುದು, ಕಲ್ಲಿನ ಚಕ್ಕೆಯನ್ನೇ ಎಬ್ಬಿಸಿದ ಹೊರತು ಅದನ್ನು ಬಿಡಿಸಲಾಗದು. ಇದರ ಜಾತಿಗಳನ್ನು ಗುರುತಿಸಲು ರೂಪವು ಸಾಕೆ, ರಸಾಯನವು ಬೇಕೆ ಎಂಬುದೇ ಪ್ರಕೃತ ವಿಚಾರ.

ವ್ಯಾಕರಣ ತರ್ಕಗಳನ್ನು ಓದಿದವನಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವಾಗಿ ನನ್ನ ಪ್ರಮಾದವೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು, ಕೋಲಾರ ಜಿಲ್ಲೆಯ ಶಾಸನಗಳನ್ನೊಳಗೊಂಡು, ೧೯೦೫ರಲ್ಲಿ ಪ್ರಕಟವಾಯಿತು. ಅದನ್ನು ಕೈಯಲ್ಲಿ ಹಿಡಿದು ಈ ತಾಲ್ಲೂಕುಗಳಲ್ಲಿ ತಿರುಗುತ್ತಿದ್ದ ಕಾಲದಲ್ಲಿ, ಹಳ್ಳಿಯೊಂದರ ವೀರಗಲ್ಲನ್ನು ಅಚ್ಚು ತೆಗೆಯದೆ ಬರಿಗಣ್ಣಿನಿಂದಲೇ ಓದಿ, 'ಗಂಡ' ಎಂಬ ಪದವನ್ನು ಕಂಡು, ಅದರ ಮೇಲೆ ಬಿರುದೊಂದನ್ನೇ ಕಲ್ಪಿಸಿದೆನು. ಕೆಲವು ವರ್ಷಗಳ ಬಳಿಕ ಸಂಜೆಯ ಓರೆಬೆಳಕಿನಲ್ಲಿ ಮಸೂರವನ್ನಿಟ್ಟು ನೋಡಲಾಗಿ, ನಾನು ಅನುಸ್ವಾರವೆಂದು ತಿಳಿದಿದ್ದ ಸೊನ್ನೆಯು ಕೊರೆದ ಗುಳಿಯಲ್ಲ, ಮೇಲೆದ್ದ ಬಿಲ್ಲೆ, ಹಕ್ಕಳೆಯ ಫಲ! ಕಲ್ಲಿನಲ್ಲಿದ್ದುದು 'ಗಡ' ಎಂಬ ಅವ್ಯಯ ಮಾತ್ರ. ಅಂದಿನಿಂದ ಈ ಸಸ್ಯವನ್ನು ತಿಳಿಯದೆ ಶಿಲೆಯನ್ನು ಓದಬಾರದೆಂದು ನಿಶ್ಚಯಿಸಿದೆನು.

ಸಸ್ಯವೆಂದದ್ದು ರೂಢಿಯ ಮಾತು. ವಸ್ತುತಃ ಇದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಂಸಾರ. ಇದನ್ನು ೧೮೬೦ರ ದಶಕದ ಕೊನೆಯಲ್ಲಿ ಸ್ವಿಸ್ ವಿದ್ವಾಂಸ ಶ್ವೆಂಡೆನರನು ಪ್ರತಿಪಾದಿಸಿದನು. ಇದರ ಹೆಸರು ಶಿಲೀಂಧ್ರಕ್ಕೆ ಸಲ್ಲುತ್ತದೆ. ಬಿಲ್ಲೆಯೋ ಗೆರೆಯೋ ಆಗಿ ಕಾಣುವ ಫಲವೂ, ಅದರೊಳಗಿನ ಬೀಜಾಣುಗಳೂ ಶಿಲೀಂಧ್ರದವೇ.

ಈಗ ಲಕ್ಷಣವನ್ನು ಪರೀಕ್ಷಿಸೋಣ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂದು ಮೂರು ದೋಷಗಳು ತರ್ಕದಲ್ಲಿ ಪ್ರಸಿದ್ಧ. ಗೋವಿಗೆ ಕಪಿಲವರ್ಣವನ್ನು ಲಕ್ಷಣವೆಂದರೆ ಬಿಳಿಯ ಹಸು ತಪ್ಪಿಹೋಗುವುದು. ಕೊಂಬನ್ನು ಹೇಳಿದರೆ ಎಮ್ಮೆಯೂ ಸೇರುವುದು. ಒಂದೇ ಗೊರಸೆಂದರೆ ಯಾವ ಹಸುವೂ ಸಿಕ್ಕದು. ನಮ್ಮ ಹಕ್ಕಳೆಗಳಲ್ಲಿ ಈ ಮೂರೂ ಉಂಟು.

ಬಣ್ಣವನ್ನೇ ನಂಬಿದರೆ ಅತಿವ್ಯಾಪ್ತಿ. ಕ್ಯಾಲೊಪ್ಲಾಕ, ಕ್ಯಾಂಡಲೆರಿಯೆಲ್ಲ ಎಂಬ ಎರಡು ಕುಲಗಳ ಹಳದಿ ಹಕ್ಕಳೆಗಳು ಕಣ್ಣಿಗೆ ಸೋದರರಂತೆ ತೋರಬಹುದು. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರವವನ್ನು ಒಂದು ತೊಟ್ಟು ಸೋಕಿಸಿದರೆ, ಪ್ಯಾರಿಯೆಟಿನ್ ಎಂಬ ವರ್ಣದ್ರವ್ಯವಿರುವ ಮೊದಲನೆಯದು ಕೂಡಲೇ ನೇರಳೆಗೆಂಪಾಗುವುದು. ಬೇರೆ ದ್ರವ್ಯದಿಂದ ಹಳದಿಯಾದ ಎರಡನೆಯದು ಹಾಗಾಗದು. ಫಲವನ್ನೇ ನಂಬಿದರೆ ಅವ್ಯಾಪ್ತಿ. ಎಷ್ಟೋ ಹಕ್ಕಳೆಗಳು ಫಲವಿಲ್ಲದೆ ಪುಡಿಯಿಂದಲೇ ಹಬ್ಬುತ್ತವೆ. ಹಿಟ್ಟು ಚೆಲ್ಲಿದಂತಿರುವ ಲೆಪ್ರೇರಿಯ ಕುಲಕ್ಕೆ ಫಲವೇ ಇಲ್ಲ. ಅಲ್ಲಿ ಬೀಜಾಣುಗಳ ಎಣಿಕೆಯನ್ನು ಕೇಳುವುದು ಅಸಂಭವ. ಅದರ ಜಾತಿಗಳನ್ನು ವಿಂಗಡಿಸಲು ರಸಾಯನವೇ ಮುಖ್ಯ ಶರಣು.

ಇಲ್ಲಿ ಡಿ. ಡಿ. ಅವಸ್ಥಿಯವರು ೧೯೯೧ರಲ್ಲಿ ಪ್ರಕಟಿಸಿದ, ಭಾರತ ನೇಪಾಳ ಶ್ರೀಲಂಕೆಗಳ ಸೂಕ್ಷ್ಮ ಲೈಕನ್‌ಗಳ ಕುಂಜಿಕಾಗ್ರಂಥವನ್ನು ವಿಮರ್ಶಿಸುವುದು ಉಚಿತ. ಈ ದೇಶದ ಹಕ್ಕಳೆಗಳನ್ನು ಗುರುತಿಸಹೊರಟವರಿಗೆ ಅದು ಊರುಗೋಲಾಗಿದೆ. ರೂಪ ರಸಾಯನಗಳೆರಡನ್ನೂ ಅದು ಬಳಸುತ್ತದೆ. ಆದರೂ ಅಕ್ಷರದಂತೆ ಗೆರೆಗೆರೆಯಾದ ಫಲವುಳ್ಳ ಗ್ರಾಫಿಸ್ ಬಳಗದಲ್ಲಿ ಅದು ಹಳೆಯ ಸಂಪ್ರದಾಯವನ್ನು ಹಿಡಿದಿದೆ. ಬೀಜಾಣುವಿಗೆ ಅಡ್ಡಗೋಡೆಗಳು ಮಾತ್ರವಿದ್ದರೆ ಒಂದು ಕುಲ, ಇಟ್ಟಿಗೆಗೋಡೆಯಂತೆ ಉದ್ದಕ್ಕೂ ಅಡ್ಡಕ್ಕೂ ಇದ್ದರೆ ಇನ್ನೊಂದು. ಬಣ್ಣವಿಲ್ಲದಿದ್ದರೆ ಒಂದು, ಕಂದಾಗಿದ್ದರೆ ಮತ್ತೊಂದು. ಹೀಗೆ ನಾಲ್ಕು ಕುಲಗಳು. ವಿಭಾಗವು ಸುಲಭ, ಆದರೆ ಸುಲಭವಾದುದೆಲ್ಲ ಯಥಾರ್ಥವಲ್ಲ. ೨೦೦೨ರಲ್ಲಿ ಬೆಟ್ಟಿನಾ ಸ್ಟೈಗರ್ ಎಂಬ ವಿದುಷಿಯು ಫಲದ ತುಟಿಗಳ ರಚನೆಯನ್ನೂ ಅದರ ಒಳಪದರಗಳನ್ನೂ ಪ್ರಧಾನವಾಗಿ ಗಣಿಸಿ ಕುಲಗಳನ್ನು ಮರುವಿಂಗಡಿಸಿದಾಗ, ಗೋಡೆಯ ಭೇದದಿಂದ ಬೇರೆಯಾಗಿದ್ದ ಜಾತಿಗಳು ಗ್ರಾಫಿಸ್ ಎಂಬ ಒಂದೇ ಕುಲದಲ್ಲಿ ಕೂಡಿದುವು. ಹಾಗಾದರೆ ಹಳೆಯ ಲಕ್ಷಣವು ಅವ್ಯಾಪ್ತವೆಂದೇ ಹೇಳಬೇಕು. ಆದರೆ ಈ ದೋಷವು ಗ್ರಂಥಕರ್ತರದಲ್ಲ, ಕಾಲದ್ದು. ಕುಂಜಿಕೆಯು ಕದವನ್ನು ತೆರೆಯುವುದಕ್ಕೇ ಹೊರತು, ಮನೆಯ ಯಜಮಾನನಾರೆಂದು ನಿರ್ಣಯಿಸುವುದಕ್ಕಲ್ಲ. ಅದನ್ನು ಬಳಸುವವರು ಈಚಿನ ಕುಲನಾಮವನ್ನು ವಿಚಾರಿಸಿಯೇ ಬರೆಯತಕ್ಕದ್ದು.

ಇಲ್ಲಿ ಪೂರ್ವಪಕ್ಷಿಯು, ರೂಪವು ಇಷ್ಟು ದುರ್ಬಲವಾದರೆ ರಸಾಯನವೊಂದೇ ಲಕ್ಷಣವಾಗಲಿ ಎನ್ನಬಹುದು. ಅದೂ ಸಲ್ಲದು. ೧೮೬೬ರಲ್ಲಿ ನೈಲಾಂಡರನು ಕ್ಷಾರದ ತೊಟ್ಟನ್ನೂ ಬ್ಲೀಚಿಂಗ್ ಪುಡಿಯ ನೀರನ್ನೂ ಪ್ರಯೋಗಕ್ಕೆ ತಂದನು. ೧೯೩೦ರ ದಶಕದಲ್ಲಿ ಜಪಾನಿನ ಅಸಾಹಿನನು ಪ್ಯಾರಾಫಿನಿಲೀನ್‌ಡೈಅಮೀನನ್ನು ಸೇರಿಸಿದನು. ಈ ತೊಟ್ಟುಗಳು ಉಪಕಾರಿಗಳೇ ಸರಿ. ಆದರೆ ಕ್ಷಾರದಿಂದ ಮೊದಲು ಹಳದಿಯಾಗಿ ಬಳಿಕ ಕೆಂಪಾಗುವುದು ನಾರ್‌ಸ್ಟಿಕ್ಟಿಕ್ ಆಮ್ಲದಿಂದಲೂ ಸಂಭವಿಸುತ್ತದೆ, ಸಲಜಿನಿಕ್ ಆಮ್ಲದಿಂದಲೂ ಸಂಭವಿಸುತ್ತದೆ. ಇದನ್ನು ಬಿಡಿಸಲು ತೆಳುಪದರ ವರ್ಣಲೇಖನವು ಬೇಕು: ಸಿಲಿಕಾ ಬಳಿದ ಹಲಗೆಯ ಬುಡದಲ್ಲಿ ಸಾರವನ್ನು ಚುಕ್ಕೆಯಿಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ, ಒಂದೊಂದು ದ್ರವ್ಯವು ಒಂದೊಂದು ಎತ್ತರಕ್ಕೆ ಏರುತ್ತದೆ, ಗಂಧಕಾಮ್ಲವನ್ನು ಸಿಂಪಡಿಸಿ ಕಾಯಿಸಿದಾಗ ಬಣ್ಣವು ಮೂಡುತ್ತದೆ. ಕಲ್ಬರ್‌ಸನ್, ಕ್ರಿಸ್ಟಿನ್ಸನ್ ಎಂಬವರು ೧೯೭೦ರಲ್ಲಿ ಈ ಕ್ರಮಕ್ಕೆ ಪ್ರಮಾಣವನ್ನು ಕಟ್ಟಿದರು. ದ್ರವ್ಯವು ನಿಶ್ಚಯವಾದ ಮೇಲೂ ಅತಿವ್ಯಾಪ್ತಿಯು ನಿಂತೇ ಇದೆ. ನೇರಳಾತೀತ ಕಿರಣದಲ್ಲಿ ಹಳದಿಯಾಗಿ ಬೆಳಗುವ ಲೈಕೆಕ್ಸಾಂಥೋನ್ ಎಂಬುದು ಗ್ರಾಫಿಸ್‌ನಲ್ಲಿಯೂ, ಪರ್ಟುಸೇರಿಯದಲ್ಲಿಯೂ, ಹಕ್ಕಳೆಯೇ ಅಲ್ಲದ ಪಿಕ್ಸಿನೆಯಲ್ಲಿಯೂ ಉಂಟಲ್ಲವೆ?

ಆದುದರಿಂದ ನಮ್ಮ ಸಿದ್ಧಾಂತವಿದು: ರೂಪವಿಶಿಷ್ಟವಾದ ರಸಾಯನವೇ ಲಕ್ಷಣ, ಬಿಡಿಯಾಗಿ ಎರಡೂ ಸಾಲವು. ರೂಪವು ಕುಲದ ಬಾಗಿಲಿಗೆ ಕರೆತರುತ್ತದೆ. ರಸಾಯನವು ಒಳಗಿರುವ ಜಾತಿಗಳನ್ನು ಬೇರ್ಪಡಿಸಿ ತೋರಿಸುತ್ತದೆ. ಶಬ್ದವನ್ನು ಪ್ರಕರಣದಿಂದಲೂ ಅರ್ಥದಿಂದಲೂ ಕೂಡಿಸಿ ನಿರ್ಣಯಿಸುವ ನಮಗೆ ಇದು ಹೊಸದಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. ಊರ ದೇವಾಲಯವು ಜೀರ್ಣೋದ್ಧಾರವಾಗುವಾಗ ಹಕ್ಕಳೆಯನ್ನು ಕೊಳೆಯೆಂದು ಬಗೆದು ತಂತಿಯ ಬ್ರಷ್ಷಿನಿಂದಲೂ ಆಮ್ಲದಿಂದಲೂ ಶಾಸನಗಳನ್ನು ತಿಕ್ಕುವುದುಂಟು. ಹಕ್ಕಳೆಯ ಎಳೆಗಳು ಕಲ್ಲಿನ ಹರಳುಗಳ ನಡುವೆ ಇಳಿದಿರುತ್ತವೆ. ಎಷ್ಟೋ ಜಾತಿಗಳು ಆಕ್ಸಾಲಿಕ್ ಆಮ್ಲವನ್ನು ಸ್ರವಿಸಿ ಕಲ್ಲನ್ನು ಸಡಿಲಿಸುವುವು ಎಂಬುದು ನಿಜ. ಆದರೆ ಅದನ್ನು ಕಿತ್ತರೆ ಹರಳೂ ಉದುರುತ್ತದೆ, ಹರಳಿನೊಡನೆ ಅಕ್ಷರವೂ ಹೋಗುತ್ತದೆ. ಮೇಲೆ ಹೇಳಿದ ತೊಟ್ಟುಗಳನ್ನು ಬರೆದ ಕಲ್ಲಿನ ಮೇಲೆ ಎಂದೂ ಬಿಡಬಾರದು. ಪಕ್ಕದ ಬೋಳುಬಂಡೆಯಲ್ಲಿ ಅದೇ ಹಕ್ಕಳೆಯನ್ನು ಹುಡುಕಿ, ಸಣ್ಣ ಚಕ್ಕೆಯನ್ನು ತಂದು, ಮನೆಯಲ್ಲಿ ಪರೀಕ್ಷಿಸತಕ್ಕದ್ದು. ತೆಗೆಯಬೇಕೋ ಬಿಡಬೇಕೋ ಎಂಬುದು ಗುರುತಿಸಿದ ಮೇಲಿನ ಮಾತು. ಒಂದು ಅನುಸ್ವಾರವನ್ನು ಹೆಚ್ಚಾಗಿ ಓದಿದ ನನ್ನ ತಪ್ಪನ್ನು ತಿದ್ದಬಹುದು, ಏಕೆಂದರೆ ಕಲ್ಲು ಇನ್ನೂ ಇದೆ. ತಿಕ್ಕಿ ಅಳಿಸಿದ ಸಾಲನ್ನು ಯಾವ ಪಂಡಿತನೂ ಮರಳಿ ಓದಲಾರನು. ಈ ನಾಲ್ಕು ತಾಲ್ಲೂಕುಗಳ ಹಕ್ಕಳೆಗಳಿಗಾದರೂ ಕನ್ನಡದಲ್ಲಿ ಒಂದು ಕುಂಜಿಕೆಯನ್ನು ರಚಿಸಲು ಸಸ್ಯಶಾಸ್ತ್ರಜ್ಞರೂ ಶಾಸನಜ್ಞರೂ ಕೂಡಿ ಯತ್ನಿಸಬೇಕೆಂದು ಪ್ರಾರ್ಥಿಸುತ್ತೇನೆ.